ಒರ್ಛಾದ ಮಳೆ, ಮತ್ತಿಕೆರೆಯಲ್ಲಿ

ಹೋದ ತಿಂಗಳು ನನ್ನ ಗೆಳತಿಯ ಮಗಳು ಸಿಂಚನಾಳನ್ನು ಪಿಜಿಗೆ ಸೇರಿಸಲು ಮತ್ತಿಕೆರೆಗೆ ಹೋಗಿದ್ದೆ. ಹುಡುಗಿ ಅರಸೀಕೆರೆಯವಳು. ಇಲ್ಲಿ ಕಾಲೇಜು ಸಿಕ್ಕಿದೆ, ಬೆಂಗಳೂರಿನಲ್ಲಿ ಪರಿಚಯದವರು ಎಂದರೆ ನಾನೊಬ್ಬಳೇ. ಮೆಟ್ಟಿಲು ಹತ್ತುವಾಗ ವಾಸನೆ ಮೂಗಿಗೆ ಬಡಿಯಿತು. ಫಿನಾಯಿಲ್ ಹಾಕಿ ಒರೆಸಿದ ನೆಲ, ಅದರ ಜೊತೆ ಮೂರು ದಿನ ಫ್ಯಾನಿನ ಕೆಳಗೆ ನೇತಾಡಿಯೂ ಒಣಗದ ಬಟ್ಟೆಯ ಮುಗ್ಗಲು. ಕಂಬಿ ಹಿಡಿದು ನಿಂತುಬಿಟ್ಟೆ. "ಮಂಡಿ ನೋವಾ ಆಂಟಿ?" ಎಂದಳು. ಹೌದು ಎಂದೆ. ಈ ವಾಸನೆಯಲ್ಲಿ ನಾನು ಒಂದು ಇಡೀ ಮಳೆಗಾಲ ಬಚ್ಚಿಟ್ಟುಕೊಂಡಿದ್ದೆ, ಅದೂ ನನ್ನ ಮನೆಯಿಂದ ಮುಕ್ಕಾಲು ಗಂಟೆ ನಡಿಗೆಯ ದೂರದಲ್ಲಿ ಎಂದು ಹದಿನೆಂಟರ ಹುಡುಗಿಗೆ ಹೇಗೆ ಹೇಳುವುದು? ಇವಳನ್ನಾ ಅಮ್ಮ ನಂಬಿದ್ದು ಎಂದು ಹೆದರಿಬಿಡುತ್ತಿದ್ದಳು.

ಮೂರು ವರ್ಷದ ಹಿಂದಿನ ಮಾತು. ಮಲ್ಲೇಶ್ವರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡಿದ್ದೆ. ಆಗ ನನಗೆ ಐವತ್ತನಾಲ್ಕು. ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕತೆಯೇನೂ ಇಲ್ಲ. ಬೆಲ್ಲಿಗೆ ಎದ್ದು, ಬೆಲ್ಲಿಗೆ ಉಂಡು, ಬೆಲ್ಲಿಗೆ ಮನೆಗೆ ಬಂದವಳು. ಲೇಬಲ್ ಇಲ್ಲದ ಬಾಟಲಿ ಕಂಡರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಅಂಥವಳು ಬೀಳ್ಕೊಡುಗೆಯ ದಿನ ಮೈಕು ಸಿಕ್ಕಿದ್ದೇ ತಡ, "ಒಂದು ವರ್ಷ ನಾನು ಊರಿಗೆ ಬರಲ್ಲ. ಒಬ್ಬಳೇ ಹೋಗ್ತೀನಿ. ಎಲ್ಲಿಗೆ ಅಂತ ನಂಗೂ ಗೊತ್ತಿಲ್ಲ" ಎಂದುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಬದುಕಿನಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ ಅದು, ತಲೆಗೆ ಏರಿತು. ಮಾತಿಗೆ ತಪ್ಪುವ ದಾರಿಯೇ ಇರಬಾರದೆಂದು ಮನೆಯನ್ನು ಹನ್ನೊಂದು ತಿಂಗಳಿಗೆ ಒಂದು ಹೊಸ ದಂಪತಿಗೆ ಬಾಡಿಗೆಗೂ ಕೊಟ್ಟೆ.

ಪಕ್ಕದ ಮನೆಯ ಮಂಗಳಮ್ಮನವರಿಗೆ ಇದು ಸರಿಬರಲಿಲ್ಲ. ಅವರಿಗೆ ಎಪ್ಪತ್ತೆಂಟು. ಚಿಕ್ಕಪೇಟೆಯಲ್ಲಿ ಮೂರು ತಲೆಮಾರಿನಿಂದ ಪಾತ್ರೆ ಅಂಗಡಿ ಇಟ್ಟ ಮನೆತನ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಅಂಗಡಿಗೆ ಹೋದರೆ ಸಂಜೆಯವರೆಗೆ ಇವರು ಮುಂಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುವವರು. ನಾನು ಶುಕ್ರವಾರ ಹೊರಡುತ್ತೇನೆ ಎಂದಾಗ ಕ್ಯಾಲೆಂಡರ್ ನೋಡಿ ಮುಖ ಸಿಂಡರಿಸಿದರು.

"ಶುಕ್ರವಾರ ಬೇಡ. ದಿನ ಚೆನ್ನಾಗಿಲ್ಲ. ಬುಧವಾರಾನೇ ನಮ್ಮನೇಲಿ ಪ್ರಸ್ಥಾನ ಇಟ್ಬಿಡು."

ಪ್ರಸ್ಥಾನ ಎಂದರೆ, ಹೊರಡುವ ದಿನ ಸರಿಯಿಲ್ಲದಿದ್ದರೆ ಅದಕ್ಕೆ ಮುಂಚಿನ ಒಂದು ಒಳ್ಳೆಯ ದಿನ ಪ್ರಯಾಣದ ಸಾಮಾನಿನಲ್ಲಿ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಪ್ರಯಾಣ ಆವತ್ತೇ ಶುರುವಾಯಿತು ಎಂದು ಅರ್ಥ. ಹೊರಡುವ ದಿನ ಆ ಗಂಟನ್ನು ಎತ್ತಿಕೊಂಡು ಹಿಂದೆ ನೋಡದೆ ನಡೆಯಬೇಕು.

"ಕೊರಳಲ್ಲಿ ಲಿಂಗ ಇರೋರಿಗೆ ಇದೆಲ್ಲಾ ಇಲ್ಲ ಅಂತಾರಲ್ಲ ಮಂಗಳಮ್ಮ" ಎಂದು ಕೆಣಕಿದೆ.

"ನಂಗಿಲ್ಲ. ನಿಂಗಿದೆ. ತಂದಿಡು."

ತಂದಿಟ್ಟೆ. ಒಂದು ಕಾಟನ್ ಸೀರೆ, ಅದರಲ್ಲಿ ಒಂದು ಹಿಡಿ ಅಕ್ಕಿ, ಅಡಿಕೆ, ಅರಿಸಿನದ ಕೊಂಬು, ಜೊತೆಗೆ ನನ್ನ ಒಳ್ಳೆಯ ಛತ್ರಿ. ಎಲ್ಲ ಸೇರಿಸಿ ಒಂದು ಬಟ್ಟೆಯ ಗಂಟು. ಅವರು ಅದನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟುಕೊಂಡರು. ಶುಕ್ರವಾರ ಬೆಳಿಗ್ಗೆ ಕ್ಯಾಬಿನವನು ಬೀದಿಯ ಆ ತುದಿಗೆ ಬಂದು ನಿಂತು ಒಂದೇ ಸಮ ಫೋನ್ ಮಾಡತೊಡಗಿದ. ನಾನು ಬ್ಯಾಗು ಎಳೆದುಕೊಂಡು ಅತ್ತ ಕಡೆಗೇ ಓಡಿದೆ. ಗಂಟು ನೆನಪಾಗಿದ್ದು ರೈಲು ತುಮಕೂರು ದಾಟಿದ ಮೇಲೆ.

ಫೋನ್ ಮಾಡಿದರೆ ಮಂಗಳಮ್ಮ, "ಆಯ್ತು ಬಿಡು. ಅದು ಬಾಗಿಲ ಹತ್ರಾನೇ ಇರ್ಲಿ. ಅದಿರೋವರ್ಗೂ ನೀನು ಅರ್ಧ ಇಲ್ಲೇ ಇದೀಯ" ಎಂದರು. ನನಗೆ ಕಿರಿಕಿರಿಯಾಯಿತು. ಪೂರ್ತಿ ಹೋಗಬೇಕೆಂದು ಹೊರಟವಳಿಗೆ ಇದೆಂಥ ಮಾತು.

ಹೋದೆ. ಹುಬ್ಬಳ್ಳಿ, ಪಂಢರಪುರ, ನಾಸಿಕ, ಭೋಪಾಲ. ನಾಳೆ ಎಲ್ಲಿಗೆ ಎಂದು ಇವತ್ತು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿರ್ಧಾರ. ಮೊದಲ ತಿಂಗಳು ಮಜಾ ಇತ್ತು, ಸುಳ್ಳು ಹೇಳುವುದಿಲ್ಲ. ಬೆಲ್ ಇಲ್ಲದ ಬೆಳಗು ಹೇಗಿರುತ್ತದೆಂದು ಗೊತ್ತಾಗಿದ್ದೇ ಆಗ. ಭಾನುವಾರ ಭಾನುವಾರ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕುತ್ತಿದ್ದೆ, ಇಪ್ಪತ್ತು ಹೆಬ್ಬೆರಳು ಬರುತ್ತಿದ್ದವು. ಆದರೆ ಬಿಸಿಲೇರಿದಂತೆ ಮಾತು ಕಡಿಮೆಯಾಯಿತು. ಇಡೀ ದಿನ ನಾನು ಆಡಿದ್ದು "ಒಂದು ಟೀ", "ರೂಮ್ ಇದೆಯಾ", "ಒಬ್ಬಳೇ" ಇಷ್ಟೇ ಆಗಿರುತ್ತಿತ್ತು. ಒಂದು ಒಳ್ಳೆಯ ಕೋಟೆ ಕಂಡರೆ ನೋಡು ಎಂದು ಪಕ್ಕಕ್ಕೆ ತಿರುಗುವುದು, ಪಕ್ಕದಲ್ಲಿ ಯಾರೂ ಇರುವುದಿಲ್ಲ. ಒಂಟಿತನ ನನಗೆ ಹೊಸದಲ್ಲ. ಮನೆಯಲ್ಲಿ ಅದಕ್ಕೊಂದು ಜಾಗವಿತ್ತು, ಅಡುಗೆಮನೆಯ ಸ್ಟೂಲು, ಕಿಟಕಿಯ ಪಕ್ಕದ ಕುರ್ಚಿ. ಇಲ್ಲಿ ಬೆನ್ನಿಗೆ ಕಟ್ಟಿಕೊಂಡು ತಿರುಗಬೇಕಾಗಿತ್ತು.

ಜೂನ್ ಮೊದಲ ವಾರ ಝಾನ್ಸಿ ಹತ್ತಿರದ ಒರ್ಛಾದಲ್ಲಿದ್ದೆ. ಬೇತ್ವಾ ನದಿಯ ದಂಡೆ, ಹಳೆಯ ಅರಮನೆಗಳು, ನೆಲದ ಮೇಲೆ ಕಾಲಿಡಲಾಗದ ಬಿಸಿಲು. ಸ್ವಲ್ಪವಾದರೂ ಯೋಚಿಸಿ ಹೊರಟವರು ಆ ತಿಂಗಳಲ್ಲಿ ಅಲ್ಲಿಗೆ ಹೋಗುವುದಿಲ್ಲ. ನನಗೆ ಜ್ವರ ಬಂದು ಲಾಡ್ಜಿನಲ್ಲಿ ಮಲಗಿದೆ. ಎರಡನೆಯ ದಿನ ಊಟಕ್ಕೆ ಇಳಿದು ಬರಲಿಲ್ಲವೆಂದು ಮ್ಯಾನೇಜರ್ ಗಾಬರಿಯಾಗಿ ಬಾಗಿಲ ಬಳಿ ಬಂದು ನಿಂತ. ರಿಜಿಸ್ಟರಿನಲ್ಲಿ "ತುರ್ತಿಗೆ ಯಾರಿಗೆ ತಿಳಿಸಬೇಕು" ಎಂಬ ಕಡೆ ನಾನು ಬರೆದಿದ್ದ ನಂಬರಿಗೆ ಫೋನ್ ಹಚ್ಚಿದ. ನನ್ನ ದಿಂಬಿನ ಕೆಳಗೆ ಫೋನ್ ಹೊಡೆದುಕೊಂಡಿತು. ಅಲ್ಲಿ ನಾನು ನನ್ನದೇ ನಂಬರ್ ಬರೆದಿದ್ದೆ. ಯಾರದ್ದು ಬರೆಯಬೇಕೆಂದು ತೋಚದೆ ಎಲ್ಲ ಊರಿನಲ್ಲೂ ಹಾಗೇ ಬರೆಯುತ್ತಿದ್ದೆ. ಮಲಗಿದ್ದಲ್ಲೇ ಎತ್ತಿ ಹಲೋ ಎಂದೆ. ಅವನು ಬಾಗಿಲಲ್ಲಿ ಫೋನ್ ಕಿವಿಗಿಟ್ಟುಕೊಂಡೇ ನನ್ನ ಕಡೆ ನೋಡುತ್ತಿದ್ದ. ಅವನ ಕಣ್ಣಲ್ಲಿದ್ದ ಕನಿಕರವನ್ನು ನಾನು ಈಗಲೂ ಕ್ಷಮಿಸಿಲ್ಲ.

ಜ್ವರ ಬಿಟ್ಟ ಕೂಡಲೇ ರೈಲು ಹತ್ತಿದೆ. ಯಶವಂತಪುರದಲ್ಲಿ ಇಳಿದಾಗ ಮಳೆ. ಆಟೋದವರು "ಎಲ್ಲಿಗೆ ಮೇಡಂ?" ಎಂದರು. ಮಲ್ಲೇಶ್ವರ ಎನ್ನಲು ಬಾಯಿ ತೆರೆದೆ, ಮುಚ್ಚಿದೆ. ನನ್ನ ಮನೆಯಲ್ಲಿ ಬೇರೆಯವರ ಬಟ್ಟೆ ಒಣಗುತ್ತಿದೆ. ಮೂರೇ ತಿಂಗಳಿಗೆ ವಾಪಸ್ಸಾ ಎಂದು ಕೇಳುವ ಇಪ್ಪತ್ತು ಜನರಿಗೆ ಏನೆನ್ನಲಿ. "ಮತ್ತಿಕೆರೆ" ಎಂದೆ. ಅಲ್ಲಿ ವಿದ್ಯಾರ್ಥಿಗಳಿಗೆ ರೂಮು ಸಿಗುತ್ತದೆ, ನನ್ನ ವಯಸ್ಸಿನವರು ಆ ಕಡೆ ಹಾಯುವುದಿಲ್ಲ.

ಹೆಂಗಸರ ಪಿಜಿ ಸಿಕ್ಕಿತು. ಅದನ್ನು ನೋಡಿಕೊಳ್ಳುತ್ತಿದ್ದ ಯಶೋದಾ, ಕುಣಿಗಲ್ ಕಡೆಯ ಹೆಂಗಸು, ಫಾರ್ಮ್ ಮುಂದಿಟ್ಟಳು. ಅದರಲ್ಲಿ "ಸ್ಥಳೀಯ ಪೋಷಕರು" ಎಂದೊಂದು ಸಾಲು.

"ನಂಗೆ ಐವತ್ನಾಲ್ಕಮ್ಮ" ಎಂದೆ.

"ಗೊತ್ತಾಗುತ್ತೆ ಮೇಡಂ. ಆದ್ರೂ ಬರೀಬೇಕು. ಖಾಲಿ ಬಿಟ್ರೆ ಓನರ್ ಬಯ್ತಾರೆ."

ಮತ್ತೆ ನನ್ನ ನಂಬರ್ ಬರೆಯಲು ಕೈ ಬರಲಿಲ್ಲ. ಮಂಗಳಮ್ಮನ ಹೆಸರು, ನಂಬರ್ ಬರೆದೆ. ಇಂಥ ಫಾರಂ ಯಾರು ಓದುತ್ತಾರೆ, ಯಾರು ಫೋನ್ ಮಾಡುತ್ತಾರೆ.

ಹಾಗೆ ಶುರುವಾಯಿತು ಆ ಮಳೆಗಾಲ. ಮೂರನೇ ಮಹಡಿಯಲ್ಲಿ ಕೊಟ್ಟಿದ್ದ ರೂಮನ್ನು ಯಶೋದಾ ಮಾರನೇ ದಿನವೇ ಬದಲಾಯಿಸಿದಳು. "ಮೊದಲ್ನೇ ಫ್ಲೋರ್‌ನಲ್ಲಿ ಒಂದು ಖಾಲಿ ಇದೆ ಮೇಡಂ, ನಿಮ್ ಮಂಡಿಗೆ ಒಳ್ಳೇದು." ನಾನು ಹತ್ತುವುದನ್ನು ನೋಡಿರಬೇಕು ಎಂದುಕೊಂಡೆ. ಸುತ್ತ ಎಲ್ಲ ಇಪ್ಪತ್ತರ ಹುಡುಗಿಯರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೆಟ್ಟಿಲಲ್ಲಿ ದಾರಿ ಬಿಟ್ಟು ನಿಲ್ಲುತ್ತಿದ್ದರು, ಅಷ್ಟೇ ಮಾತುಕತೆ. ನಾನು ಬೀದಿಯಲ್ಲಿ ಒಂದು ಅಗ್ಗದ ಕೆಂಪು ಛತ್ರಿ ಕೊಂಡೆ. ಜೋರು ಗಾಳಿಗೆ ಅದು ಬೋಗುಣಿಯ ಹಾಗೆ ಮೇಲಕ್ಕೆ ಬಾಯಿ ತೆರೆಯುತ್ತಿತ್ತು.

ದಿನವಿಡೀ ರೂಮಿನಲ್ಲಿರಲು ಆಗದು. ಮಲ್ಲೇಶ್ವರದ ಕಡೆ ಹೋಗುವಂತಿಲ್ಲ. ಯಶವಂತಪುರದಲ್ಲಿ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದೆ. ಮಧ್ಯೆ ಮಲ್ಲೇಶ್ವರದವರು ಹತ್ತುವ ಸಂಪಿಗೆ ರಸ್ತೆ ಬಂದಾಗ ಪೇಪರನ್ನು ಮುಖದ ಮುಂದೆ ಹಿಡಿಯುತ್ತಿದ್ದೆ, ಕಳ್ಳಿಯ ಹಾಗೆ. ಬಸವನಗುಡಿ, ಚಾಮರಾಜಪೇಟೆ ನನ್ನ ಹೊಸ ಪರದೇಶಗಳಾದವು. ದರ್ಶಿನಿಗಳಲ್ಲಿ ನಿಂತು ತಿನ್ನುವುದು, ಬ್ಯೂಗಲ್ ರಾಕಿನ ಪಾರ್ಕಿನಲ್ಲಿ ಒದ್ದೆ ಬೆಂಚು ಒರೆಸಿ ಕೂರುವುದು, ಕಾಲು ಎಳೆದ ಕಡೆ ಹೋಗುವುದು. ಇಲ್ಲಿಯೂ ನಾಳೆಯ ಪ್ಲಾನ್ ಇಲ್ಲ. ಹಾಗಾಗಿ ಪ್ರಯಾಣದಲ್ಲೇ ಇದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಗಾಂಧಿಬಜಾರಿನಲ್ಲಿ ಹೂ ಮಾರುವಾಕೆ ಒಂದು ದಿನ ಕೇಳಿದಳು.

"ದಿನಾ ಬರ್ತೀರ, ಹೂವ ತೊಗೊಳಲ್ಲ. ಯಾವೂರಮ್ಮ ನಿಮ್ದು?"

"ಝಾನ್ಸಿ ಕಡೆ" ಎಂದೆ. ಯಾಕೆ ಹಾಗೆಂದೆನೋ.

"ಕನ್ನಡ ಚೆನ್ನಾಗಿ ಕಲ್ತಿದೀರ ಬಿಡಿ" ಎಂದು ಒಂದು ಮಾರು ಕಾಕಡ ಕೈಗಿಟ್ಟಳು. ಹುಟ್ಟಿದ ಊರಿನಲ್ಲಿ ಕನ್ನಡಕ್ಕೆ ಶಹಭಾಸ್ ಗಿಟ್ಟಿಸಿದೆ. ಮೆಟ್ರೋದಲ್ಲಿ ಒಬ್ಬಳೇ ನಕ್ಕೆ. ಯಾರಿಗೆ ಹೇಳಲಿ ಎಂದು ಯೋಚಿಸಿದಾಗ ಆ ನಗು ನಿಂತಿತು.

ಫೋಟೋ ಹಾಕುವುದು ಬಿಟ್ಟರೆ ಅನುಮಾನ ಬರುತ್ತದೆ. ಒರ್ಛಾದಲ್ಲಿ ತೆಗೆದವನ್ನು ಒಂದೊಂದಾಗಿ ಹಾಕಿದೆ. ಅವು ಮುಗಿದ ಮೇಲೆ ಎಲ್ಲಿಯದು ಎಂದು ಹೇಳಲಾಗದಂಥವು. ಒದ್ದೆ ಬಂಡೆ, ಟೀ ಲೋಟ, ಮಲಗಿದ ನಾಯಿ. ಒಮ್ಮೆ ನಾಯಿಯ ಹಿಂದೆ ನಮ್ಮ ಸಿಟಿ ಬಸ್ಸಿನ ಕನ್ನಡ ಬೋರ್ಡು ಬಿದ್ದಿತ್ತು. ಒಂದು ನಿಮಿಷದಲ್ಲಿ ಅಳಿಸಿದೆ. ಫೋನ್ ಕೈಯಲ್ಲೇ ಹಿಡಿದು ಕಾದೆ, ಯಾರಾದರೂ ನೋಡಿಬಿಟ್ಟರೇ ಎಂದು. ಯಾರೂ ನೋಡಿರಲಿಲ್ಲ. ಆಗ ನನಗೆ ಆದದ್ದು ಸಮಾಧಾನವಲ್ಲ, ದುಃಖ. ಸಿಕ್ಕಿಬೀಳಬಾರದು ಎಂದು ಎಷ್ಟು ಹೆದರಿದ್ದೆನೋ ಅಷ್ಟೇ ಆಸೆಯಿಂದ ಯಾರಾದರೂ ಬಂದು ಹಿಡಿಯಲಿ ಎಂದೂ ಕಾಯುತ್ತಿದ್ದೆ.

ಮಂಗಳಮ್ಮ ಮಾತ್ರ ಭಾನುವಾರ ಮಧ್ಯಾಹ್ನ ತಪ್ಪದೆ ಫೋನ್ ಮಾಡುತ್ತಿದ್ದರು.

"ಎಲ್ಲಿದೀಯ ವಿಜಿ?"

"ಒರ್ಛಾದಲ್ಲೇ. ಇಷ್ಟ ಆಯ್ತು, ಇನ್ನೂ ಸ್ವಲ್ಪ ದಿನ ಇರ್ತೀನಿ."

"ಅಲ್ಲೂ ಮಳೆನಾ?"

"ಹೂಂ. ಜೋರು ಮಳೆ."

"ಇಲ್ಲೂ. ಬೆಚ್ಚಗಿರು."

ಕಿಟಕಿಯಾಚೆ ಸೊಪ್ಪಿನವಳು ದಂಟು, ಮೆಂತ್ಯ, ಸಬ್ಬಸಿಗೆ ಎಂದು ಕೂಗುತ್ತಿದ್ದರೆ ನಾನು ಫೋನನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಮುದುಕಿಗೆ ಕಿವಿ ಅಷ್ಟಕ್ಕಷ್ಟೆ ಎಂದು ಧೈರ್ಯ.

ಆಗಸ್ಟಿನಲ್ಲಿ ನನಗೆ ಕೆಮ್ಮು ಹಿಡಿಯಿತು. ಒದ್ದೆ ಬಟ್ಟೆ, ಒದ್ದೆ ಗೋಡೆ, ಹಿಡಿಯದೆ ಇನ್ನೇನು. ಮಾತಾಡಿದರೆ ಗೊತ್ತಾಗುತ್ತದೆಂದು ಎರಡು ಭಾನುವಾರ ಮಂಗಳಮ್ಮನ ಫೋನ್ ಎತ್ತಲಿಲ್ಲ, ಸಿಗ್ನಲ್ ಇಲ್ಲ ಎಂದು ಮೆಸೇಜ್ ಹಾಕಿದೆ. ಆ ವಾರವೇ ಯಶೋದಾ ದಿನಾ ಸಂಜೆ ಒಂದು ಲೋಟ ಕಷಾಯ ತಂದುಕೊಡತೊಡಗಿದಳು. ಮೆಣಸು, ಜೀರಿಗೆ, ದೊಡ್ಡಪತ್ರೆ. ಬೆಳಿಗ್ಗೆ ಗೀಸರ್ ನಿಲ್ಲಿಸಿದ ಮೇಲೂ ನನಗೊಂದು ಬಕೆಟ್ ಬಿಸಿನೀರು.

"ನಂಗೊಬ್ಳಿಗೇ ಯಾಕಮ್ಮ?" ಎಂದರೆ,

"ಇಲ್ಲಿ ಹುಷಾರಿಲ್ದೋರಿಗೆಲ್ಲಾ ಕೊಡ್ತೀವಿ ಮೇಡಂ" ಎಂದು ಕಣ್ಣು ತಪ್ಪಿಸುತ್ತಿದ್ದಳು. ಪಕ್ಕದ ರೂಮಿನ ಹುಡುಗಿ ಜ್ವರದಲ್ಲಿ ತಾನೇ ನೂಡಲ್ಸ್ ಬೇಯಿಸಿಕೊಳ್ಳುತ್ತಿದ್ದುದನ್ನು ನೋಡಿದ್ದೆ. ಆದರೂ ನನಗೆ ಹೊಳೆಯಲಿಲ್ಲ. ಇಪ್ಪತ್ತೆಂಟು ವರ್ಷ ಲ್ಯಾಬಿನಲ್ಲಿ ಬಣ್ಣ ನೋಡಿ ದ್ರಾವಣ ಯಾವುದೆಂದು ಹೇಳಿದವಳು ನಾನು.

ಸೆಪ್ಟೆಂಬರ್ ಕೊನೆಯ ಭಾನುವಾರ ಮಂಗಳಮ್ಮನ ಧ್ವನಿ ಬೇರೆಯಾಗಿತ್ತು.

"ಆ ಊರಲ್ಲಿ ಇಷ್ಟು ದಿನ ಏನಿದೆ ನೋಡೋಕೆ? ಮುಂದಕ್ಕೆ ಹೋಗು, ಇಲ್ಲಾ ವಾಪಸ್ ಬಾ. ಮಧ್ಯದಲ್ಲಿ ಕೂತ್ರೆ ಅದೆಂಥ ಪ್ರಯಾಣ ವಿಜಿ?"

ಮೂರು ದಿನ ಆ ಮಾತನ್ನು ಹೊತ್ತುಕೊಂಡು ಚಾಮರಾಜಪೇಟೆಯ ರಸ್ತೆಗಳಲ್ಲಿ ತಿರುಗಿದೆ. ಹೊರಡುವ ಧೈರ್ಯವೂ ಇಲ್ಲ, ಮರಳುವ ಧೈರ್ಯವೂ ಇಲ್ಲ. ಗುರುವಾರ ಪಿಜಿ ಖಾಲಿ ಮಾಡಿದೆ. ಯಶೋದಾ ಗೇಟಿನವರೆಗೆ ಬಂದು, ಎಲ್ಲಿಗೆ ಎಂದು ಕೂಡ ಕೇಳದೆ ಕಳಿಸಿದಳು.

ಮಾಡಿದ ನಾಟಕವನ್ನು ಪೂರ್ತಿ ಮಾಡಬೇಕಲ್ಲ. ಬ್ಯಾಗಿನೊಂದಿಗೆ ಯಶವಂತಪುರ ಸ್ಟೇಷನ್ನಿಗೆ ಹೋಗಿ, ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಮುಖ ತೊಳೆದು, ಅಲ್ಲಿಂದ ಆಟೋ ಮಾಡಿಕೊಂಡು ಮಂಗಳಮ್ಮನ ಮನೆ ಮುಂದೆ ಇಳಿದೆ. ಬೆಳಿಗ್ಗೆ ಹನ್ನೊಂದು. ಬಾಗಿಲ ಹತ್ತಿರ ಕುರ್ಚಿ, ಕುರ್ಚಿಯಲ್ಲಿ ಅವರು, ಮಡಿಲಲ್ಲಿ ಬಿಡಿಸುತ್ತಿದ್ದ, ಕಾಲಕ್ಕೆ ಮುಂಚೆಯೇ ಬಂದ ಅವರೆಕಾಯಿಯ ಮೊರ. ಸ್ಟೂಲಿನ ಮೇಲೆ ನನ್ನ ಗಂಟು.

"ಬಾ" ಎಂದರು. ನೀರು ಕೊಟ್ಟರು. ನಾನು ಕೂತು ಶುರು ಮಾಡಿದೆ. ರೈಲು ನಾಲ್ಕು ಗಂಟೆ ತಡ, ಪಕ್ಕದ ಸೀಟಿನಲ್ಲಿ ಒಂದು ಸಂಸಾರ, ಬೇತ್ವಾ ತುಂಬಿ ಸೇತುವೆ ಮುಳುಗಿದ್ದು. ಒಂದಕ್ಕೊಂದು ಪೋಣಿಸಿ ಹೇಳಿದೆ. ಅವರು ಅವರೆಕಾಯಿ ಬಿಡಿಸುತ್ತಾ ಎಲ್ಲವನ್ನೂ ಕೇಳಿದರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ತಲೆಯೆತ್ತಿ ಕೇಳಿದರು.

"ಕೆಮ್ಮು ಹೋಯ್ತಾ?"

ಕೆಮ್ಮಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

"ದೊಡ್ಡಪತ್ರೆ ಹಾಕು ಅಂತ ನಾನೇ ಹೇಳ್ಕೊಟ್ಟೆ ಆ ಯಶೋದಂಗೆ" ಎಂದರು. "ಒಳ್ಳೇ ಹುಡ್ಗಿ. ನೀನು ಸೇರಿದ್ ದಿನಾನೇ ಫೋನ್ ಮಾಡಿದ್ಳು. ಇಂಥೋರು ನಿಮ್ಮೋರಾ ಅಂತ ಕೇಳಿದ್ಳು. ಹೌದು ಅಂದೆ. ಮಂಡಿ ನೋವಿದೆ, ಮೇಲ್ಗಡೆ ಹಾಕ್ಬೇಡ ಅಂದೆ."

"ಮೊದಲ್ನೇ ದಿನದಿಂದ ಗೊತ್ತಿತ್ತಾ?" ಎಂದೆ. "ಮತ್ತೆ ಯಾಕೆ ಒಂದ್ಸಲಾನೂ..."

"ಊರಲ್ಲಿಲ್ಲ ಅಂದ್ಯಲ್ಲ. ಊರಲ್ಲಿಲ್ದೋರ ಮನೆಗೆ ನಾನ್ಹೇಗೆ ಬರ್ಲಿ?" ಅವರು ಒಂದು ಕಾಯಿ ಬಿಡಿಸಿದರು. "ಒಂದಿನ ಬಂದಿದ್ದೆ. ಮಗನ ಕಾರಲ್ಲಿ ಆ ಕಡೆ ಯಾರ್ದೋ ಗೃಹಪ್ರವೇಶಕ್ಕೆ ಹೋಗಿದ್ವಿ. ನೀನು ಬೇಕರಿ ಮುಂದೆ ಕೆಂಪು ಛತ್ರಿ ಹಿಡ್ಕೊಂಡು ಬನ್ ತಿಂತಾ ನಿಂತಿದ್ದೆ. ಗಾಜು ಇಳಿಸ್ದೆ. ಕರೆದ್ರೆ ನಿಂಗೆ ನಾಚ್ಕೆ ಆಗುತ್ತೆ ಅಂತ ಮತ್ತೆ ಏರಿಸ್ದೆ. ಮನೆಗ್ ಬಂದು ಊಟ ಸೇರ್ಲಿಲ್ಲ."

ಆ ದಿನ ನನಗೆ ನೆನಪಿತ್ತು. ಅವತ್ತು ನನ್ನ ಹುಟ್ಟಿದ ದಿನ. ಯಾರ ಫೋನೂ ಬರಲಿಲ್ಲವೆಂದು ಬೇಕರಿಗೆ ಹೋಗಿ ಒಂದು ಬೆಣ್ಣೆ ಬನ್ನು ತೆಗೆದುಕೊಂಡಿದ್ದೆ. ಇಷ್ಟು ದೊಡ್ಡ ಊರಿನಲ್ಲಿ ನನ್ನನ್ನು ನೋಡುವವರು ಒಬ್ಬರೂ ಇಲ್ಲ ಎಂದುಕೊಂಡು ತಿಂದಿದ್ದೆ. ಅದೇ ಹೊತ್ತಿಗೆ ರಸ್ತೆಯ ಆ ಬದಿಯಲ್ಲಿ ಒಂದು ಕಾರಿನ ಗಾಜು ಇಳಿದಿತ್ತು. ನಾನು ಅತ್ತುಬಿಟ್ಟೆ. ಮಂಗಳಮ್ಮ ಸಮಾಧಾನ ಮಾಡಲಿಲ್ಲ, ಮೊರವನ್ನು ನನ್ನ ಕಡೆ ಸರಿಸಿದರು. ಇಬ್ಬರೂ ಕೂತು ಅವರೆಕಾಯಿ ಬಿಡಿಸಿದೆವು.

ಗಂಟು ಬಿಚ್ಚಿ ನೋಡಿದೆ. ಅಕ್ಕಿ ಹೊಸದಾಗಿತ್ತು. ಹುಳ ಬೀಳುತ್ತದೆಂದು ತಿಂಗಳಿಗೊಮ್ಮೆ ಬದಲಾಯಿಸುತ್ತಿದ್ದರಂತೆ.

ಐದು ದಿನ ಅವರ ಮನೆಯಲ್ಲೇ ಇದ್ದು ಮತ್ತೆ ಹೊರಟೆ. ಈ ಸಲ ಗಂಟನ್ನು ಅವರೇ ಕೈಗೆ ಕೊಟ್ಟರು, ನಾನು ತಿರುಗಿ ನೋಡದೆ ಹೋದೆ. ಉಳಿದ ತಿಂಗಳುಗಳಲ್ಲಿ ಒಂಟಿತನವೇನೂ ಕಡಿಮೆಯಾಗಲಿಲ್ಲ. ಒಡಿಶಾದ ಒಂದು ಊರಿನಲ್ಲಿ ಎರಡು ದಿನ ಬಾಯಿ ಬಿಡದೆ ಕಳೆದಿದ್ದೂ ಉಂಟು. ಆದರೆ ಲಾಡ್ಜಿನ ರಿಜಿಸ್ಟರುಗಳಲ್ಲಿ ಆ ಒಂದು ಸಾಲು ಬಂದಾಗ ಪೆನ್ನು ನಿಲ್ಲುತ್ತಿರಲಿಲ್ಲ. ಒರ್ಛಾದ ಮಳೆ ಹೇಗಿರುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಂಗಳಮ್ಮನಿಗೆ ಈಗ ಕಿವಿ ನಿಜವಾಗಿಯೂ ಹೋಗಿದೆ. ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ದಿನಾ ಹೋಗಿ ಎದುರಿಗೆ ಕೂರುತ್ತೇನೆ, ಅವರು ನನ್ನ ಬಾಯಿ ನೋಡುತ್ತಾರೆ. ಹೋದ ತಿಂಗಳು ಮತ್ತಿಕೆರೆಯ ಆ ಮೆಟ್ಟಿಲಲ್ಲಿ ನಿಂತಾಗ ಇದನ್ನು ಮೊದಲು ಹೇಳಬೇಕೆನಿಸಿದ್ದೂ ಅವರಿಗೇ.

ಮೇಲೆ ಆಫೀಸಿನ ರೂಮಿನಲ್ಲಿ ವಾರ್ಡನ್ ಫಾರ್ಮ್ ಕೊಟ್ಟಳು. ಇದು ಬೇರೆ ಪಿಜಿ, ಬೇರೆ ವಾರ್ಡನ್, ಆದರೆ ಫಾರ್ಮು ಅದೇ. ಸಿಂಚನಾ ಎಲ್ಲ ತುಂಬಿ ಕೊನೆಯ ಸಾಲಿಗೆ ಬಂದು ನನ್ನ ಕಡೆ ತಳ್ಳಿದಳು.

"ಸುಮ್ನೆ ಏನೋ ಒಂದು ನಂಬರ್ ಗೀಚಿ ಆಂಟಿ. ಅವ್ರೇನ್ ಫೋನ್ ಮಾಡಲ್ಲ."

ನಾನು ಕನ್ನಡಕ ಹಾಕಿಕೊಂಡು, ಒಂದೊಂದು ಅಂಕಿಯನ್ನೂ ಬಿಡಿಸಿ, ಓದಲು ಬರುವ ಹಾಗೆ ನನ್ನ ನಂಬರ್ ಬರೆದೆ.